ಲಾಭ, ಎರಡು, ಮೂರು

ಗೊರಕೆಗೆ ಎಚ್ಚರಾಗುವವರು ಹಾಸನದ ತುಂಬ ಇದ್ದಾರೆ.
ನನಗೆ ಎಚ್ಚರಾಗುವುದು ಅದು ನಿಂತಾಗ.

ಸಿಮೆಂಟ್ ಶೀಟಿನ ಕೆಳಗೆ ಅಷ್ಟು ಹೊತ್ತೂ
ಲೋಡು ಲಾರಿಯಂತೆ ಏರುತ್ತಿದ್ದ ಉಸಿರು
ಥಟ್ಟನೆ ಎಲ್ಲೋ ಸಿಕ್ಕಿಕೊಳ್ಳುತ್ತದೆ.
ಎದೆ ಏಳುತ್ತದೆ, ಹೊಟ್ಟೆ ಏಳುತ್ತದೆ,
ಗಾಳಿ ಮಾತ್ರ ಬರುವುದಿಲ್ಲ.
ಆಗ ಎಣಿಸುತ್ತೇನೆ, ಇವರು ಮಂಡಿಯಲ್ಲಿ ಎಣಿಸುವ ಹಾಗೇ:
ಲಾಭ, ಎರಡು, ಮೂರು

ಇಪ್ಪತ್ತಾರು ವರ್ಷದಿಂದ ಎಪಿಎಂಸಿ ಯಾರ್ಡಿನಲ್ಲಿ
ಆಲೂಗಡ್ಡೆ ಮೂಟೆ ತೂಗುವವರು ಇವರು.
ಕರೆಂಟಿನ ತಕ್ಕಡಿ ಬಂದರೂ ಬಾಯಿ 'ಒಂದು' ಅನ್ನುವುದಿಲ್ಲ,
ಮೊದಲ ಮೂಟೆ ಯಾವತ್ತೂ ಲಾಭ.
ಲಾಭ ಯಾರದೋ, ಮೂಟೆ ಯಾರದೋ,
ಎಣಿಕೆ ಇವರದು.
ರಾತ್ರಿ ನನ್ನದು.

ಏಳಕ್ಕೆ ಬಂದಾಗ ತೊಡಕು.
ಬೆಳಗಾದರೆ 'ಏಳಿ, ಹೊತ್ತಾಯ್ತು' ಅನ್ನುವವಳು
ಕತ್ತಲಲ್ಲಿ 'ಏಳು' ಅನ್ನುತ್ತೇನೆ,
ಲೆಕ್ಕಕ್ಕೆ ಅಂದೆನೋ, ಕರೆದೆನೋ.
ಮದುವೆಯಾದಾಗಿನಿಂದ ಏಕವಚನ ಆಡಿದ್ದು ಅಷ್ಟೇ,
ಅದೂ ಕೇಳಿಸದ ಹೊತ್ತಲ್ಲಿ.

ಹದಿನೆಂಟು. ಹತ್ತೊಂಬತ್ತು.
ಬಿ.ಎಂ. ರಸ್ತೆಯಲ್ಲಿ ಮಂಗಳೂರಿನ ಬಸ್ಸೊಂದು ಹೋಗುತ್ತದೆ.
ಇಪ್ಪತ್ತಾರು. ಕೈ ಭುಜ ಮುಟ್ಟುವಷ್ಟರಲ್ಲಿ
ಬಾವಿಯಿಂದ ಕೊಡ ಎತ್ತಿದಂಥ ಸದ್ದು,
ಮತ್ತೆ ಲಾರಿ ಹೊರಡುತ್ತದೆ.

ಬೆಳಗ್ಗೆ ಇವರ ಮಾತು: 'ನನಗೇನು, ದಿಂಬು ಕಂಡರೆ ನಿದ್ದೆ.'
ಹೌದು. ತಕ್ಕಡಿ ಪಕ್ಕ ನಿಂತೇ ತೂಕಡಿಸುತ್ತಾರಂತೆ,
ತೂಕಕ್ಕೆ ತಕ್ಕ ಕೆಲಸ ಅಂತ ಹಮಾಲರು ನಗುತ್ತಾರಂತೆ.
'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ'
ಅತ್ತೆಗೆ ಹೆಮ್ಮೆ.
ಆ ಚಿಂತೆ ಯಾರ ಹತ್ತಿರ ಅಡವಿದೆ
ಅಂತ ಒಬ್ಬರೂ ಕೇಳಲಿಲ್ಲ.

ನನಗೋ ಹುಳಿತೇಗು, ಕಣ್ಣ ಕೆಳಗೆ ಮಸಿ,
ಒಲೆ ಮೇಲೆ ಹಾಲಿಟ್ಟು ಮರೆತದ್ದು ಈ ತಿಂಗಳಲ್ಲೇ ಮೂರು ಸಲ.
ಗಸಗಸೆ ಪಾಯಸ ಕುಡಿ ಅಂದಳು ಪಕ್ಕದ ಮನೆ ಶಹತಾಜ್.
ಅಂಗಾಲಿಗೆ ಹರಳೆಣ್ಣೆ ಅಂದರು ಅತ್ತೆ.
ಪೆನ್ಷನ್ ಮೊಹಲ್ಲಾದ ಕ್ಲಿನಿಕ್ಕಿನಲ್ಲಿ
ಹತ್ತು ಪುಟ್ಟ ಮಾತ್ರೆ ಬರೆದುಕೊಟ್ಟರು, ರಾತ್ರಿಗೊಂದು.
ಹತ್ತೂ ಹಾಗೇ ಇವೆ, ಅರಿಸಿನದ ಡಬ್ಬಿಯ ಹಿಂದೆ.
ನುಂಗಿದರೆ ಎಣಿಸುವವರು ಯಾರು?

ಎರಡನೇ ಸಲ ಹೋದಾಗ ಡಾಕ್ಟರಮ್ಮ
ಬಿಪಿ ಪಟ್ಟಿ ಬಿಚ್ಚುತ್ತ ಸುಮ್ಮನೆ ಕೇಳಿದರು:
'ಪಕ್ಕದಲ್ಲಿ ಮಲಗೋರು ಹೇಗೆ ಮಲಗ್ತಾರಮ್ಮ?'
ಹೇಳಲು ಬರಲಿಲ್ಲ. ಉಸಿರು ಹಿಡಿದು ತೋರಿಸಿದೆ.
ಅವರು ಗಡಿಯಾರ ನೋಡಿದರು.
ಚೀಟಿಯಲ್ಲಿದ್ದ ನನ್ನ ಹೆಸರು ಹೊಡೆದು
ಇವರ ಹೆಸರು ಕೇಳಿದರು.
ಬಾಯಲ್ಲಿ ಆಡದ ಹೆಸರು. ಆಡಿದೆ: ಜವರಯ್ಯ.

ಒಂದು ರಾತ್ರಿ ಇವರನ್ನು ಆಸ್ಪತ್ರೆಯಲ್ಲಿ ಮಲಗಿಸಿದರು,
ತಲೆಗೆ ಅಂಟು, ಎದೆಗೆ ತಂತಿ, ಮೂಗಿಗೆ ನಳಿಕೆ.
ಗಾಜಿನಾಚೆ ಸಕಲೇಶಪುರದ ಹುಡುಗಿ ಜೆಸಿಂತಾ,
'ನೀವು ಮನೆಗೆ ಹೋಗಿ ಆಂಟಿ, ನಾನು ನೋಡ್ಕೋತೀನಿ.'
ಒಂದರಿಂದ ಶುರು ಮಾಡಬೇಡ ಕಣಮ್ಮ
ಅನ್ನೋಣವೆನಿಸಿತು. ಅನ್ನಲಿಲ್ಲ.

ಆಟೋದಲ್ಲೇ ಕಣ್ಣು ಕೂತವು.
ಐದೂವರೆಗೆ ನಲ್ಲಿ ನೀರು ಬಂತಂತೆ, ಹೋಯಿತಂತೆ,
ಶಹತಾಜ್ ಬಾಗಿಲು ಬಡಿದು ಬಡಿದು ಸಾಕಾದಳಂತೆ.
ನಾನೆದ್ದದ್ದು ಒಂಬತ್ತೂಕಾಲಿಗೆ, ಕೆನ್ನೆ ಮೇಲೆ ಚಾಪೆಯ ಗೀರು.
ಖಾಲಿ ಕೊಡಗಳು ಬಾಯಿ ತೆರೆದು ಕೂತಿದ್ದವು.

ಇವರು ಬಂದರು, ಕೂದಲಲ್ಲಿ ಅಂಟು, ಮುಖದಲ್ಲಿ ಸಿಟ್ಟು:
'ಹೊಸ ಜಾಗ. ರಾತ್ರಿಯೆಲ್ಲ ರೆಪ್ಪೆ ಮುಚ್ಚಲಿಲ್ಲ ಕಣೇ.'
ಕೈಯಲ್ಲಿದ್ದ ಕಾಗದದಲ್ಲಿ ಸಾಲುಗುಡ್ಡದ ಗೀಟು, ನಡುನಡುವೆ ಸಪಾಟು.
ಎಲ್ಲಕ್ಕಿಂತ ಉದ್ದದ ಸಪಾಟಿನ ಮೇಲೆ
ಜೆಸಿಂತಾ ಪೆನ್ನಿನಲ್ಲಿ ಬರೆದಿದ್ದಳು: ನಲವತ್ತೊಂದು.
ನನ್ನ ಲೆಕ್ಕ ಯಾವತ್ತೂ ಮೂವತ್ತು ದಾಟಿರಲಿಲ್ಲ.
ಅಷ್ಟರೊಳಗೆ ತಟ್ಟಿಬಿಡುತ್ತಿದ್ದೆ.

ತಲೆಗೆ ನೀರು ಕಾಯಿಸು ಅಂದರು.
ಒಂದು ಕೊಡ ಹಿಡಿದು ಶಹತಾಜ್ ಮನೆಗೆ ಹೊರಟೆ.