ಕಳೆದ ಒಂದು ತಿಂಗಳಲ್ಲಿ

ವಿಜ್ಞಾನದ ಕೋಣೆ ಕೊಟ್ಟಿದ್ದಾರೆ ನನಗೆ.
ಬಾಟಲಿಯೊಳಗೊಂದು ಕಪ್ಪೆ, ಕೊಕ್ಕೆಗೆ ಜೋತುಬಿದ್ದ ಅಸ್ಥಿಪಂಜರ,
ಅದರ ತಲೆಗೆ ಯಾರೋ ತೊಡಿಸಿದ ಸೇವಾದಳದ ಟೋಪಿ.
ಬಿಕ್ಕೋಡು ದಾಟಿ ಆರು ಕಿಲೋಮೀಟರು.
ಹಾಸನದಿಂದ ತಂದದ್ದು ನಲವತ್ತು ಫಾರಂ,
ಎರಡು ಡಜನ್ ಪೆನ್ಸಿಲು, ಒಂದು ಪೊಟ್ಟಣ ಪೆಪ್ಪರಮೆಂಟು.

ಪ್ರಶ್ನೆ ಇಪ್ಪತ್ತು. ಪ್ರತಿಯೊಂದೂ
‘ಕಳೆದ ಒಂದು ತಿಂಗಳಲ್ಲಿ’ ಎಂದೇ ಶುರು.
ಉತ್ತರ ನಾಲ್ಕೇ:
ಇಲ್ಲವೇ ಇಲ್ಲ, ಸ್ವಲ್ಪ, ಆಗಾಗ, ಯಾವಾಗಲೂ.
ಸೊನ್ನೆ, ಒಂದು, ಎರಡು, ಮೂರು.
ಕೂಡಿದ ಮೇಲೊಂದು ಗೆರೆ.
ಗೆರೆ ದಾಟಿದ ಮಗು ಮಂಗಳವಾರ ಜಿಲ್ಲಾಸ್ಪತ್ರೆಗೆ,
ದಾಟದ್ದು ವಾಪಸು ಕ್ಲಾಸಿಗೆ.

ಆ ಬೆಳಿಗ್ಗೆ ಏನಾಯಿತೆಂದು ನಾನು ಕೇಳುವಂತಿಲ್ಲ.
ಕೇಳಬೇಕಾಗಿಯೂ ಇಲ್ಲ.
ಕಾಂಪೌಂಡಿನ ಮೂಲೆಯಲ್ಲಿ ಹೊಸ ಇಟ್ಟಿಗೆ
ಹಳೆಯದಕ್ಕಿಂತ ಕೆಂಪಗಿದೆ.
ಅಲ್ಲಿಂದ ಅಡುಗೆಕೋಣೆಗೆ, ಅಕ್ಕಿಮೂಟೆಗೆ,
ಮನುಷ್ಯರಿಗೆ ಹದಿನಾರು ಹೆಜ್ಜೆ, ಆನೆಗೆ ಎಷ್ಟೋ.
ಹಾಜರಿ ಪುಸ್ತಕದಲ್ಲಿ ಅಡುಗೆಯ ಪುಟ್ಟತಾಯಮ್ಮನ ಮುಂದೆ
ಆಗಸ್ಟ್ ಏಳರಿಂದ ಖಾಲಿ ಮನೆಗಳು.

ಎಂಟನೇ ಕ್ಲಾಸಿನ ಮೋನಿಷ ಕೇಳುತ್ತಾಳೆ:
‘ಬೇಡ ಅಂದ್ರೂ ನೆನಪು ಬರುತ್ತಾ ಅಂತ ಇದೆಯಲ್ಲ ಮೇಡಂ,
ವಾಸನೆ ಬಂದ್ರೆ?’
ಯಾವುದರ ವಾಸನೆ?
‘ಅನ್ನ ಕುದಿಯೋದು.’
ದಿನಾ ಹನ್ನೆರಡಕ್ಕೆ ಕುದಿಯುತ್ತದೆ ಇಲ್ಲಿ, ಇನ್ನೂರು ಮಕ್ಕಳಿಗೆ.
ಮೂರು ಬರೆದೆ.
ಮೂರರ ಆಚೆ ಕಾಗದವಿರಲಿಲ್ಲ.

ಜಾಬಿರನಿಗೆ ಆರನೇ ಪ್ರಶ್ನೆ ನಗು ತರಿಸಿತು.
ಘಟನೆ ನೆನಪಿಸುವ ಜಾಗ, ದಾರಿ ಬಿಟ್ಟು ಓಡಾಡುತ್ತೀಯಾ?
‘ಆ ದಾರಿ ಬಿಟ್ಬಿಡಿ ಅಂತ ಫಾರೆಸ್ಟಿನವರೇ ಜೀಪಲ್ಲಿ ಕೂಗ್ಕಂಡು ಬರ್ತಾರೆ.
ಬಿಡದೇ ಇರೋನಿಗೆ ಕಾಯಿಲೆ ಮೇಡಂ!
ನಮ್ಮ ಲೈನ್‌ಮನೆ ಕೆಂಚಣ್ಣ ಕುಡ್ಕಂಡು ಅಲ್ಲೇ ಹೋಗ್ತಾನೆ,
ಹಾಕಿ ಅವನಿಗೆ ಮೂರು.’
ನಾನೂ ನಕ್ಕೆ.
ಪೆನ್ಸಿಲು ಮಾತ್ರ ಸೊನ್ನೆಗೂ ಮೂರಕ್ಕೂ ನಡುವೆ ನಿಂತೇ ಇತ್ತು.

ಅಷ್ಟರಲ್ಲಿ ಹೆಡ್‌ಮಾಸ್ಟರ ಫೋನು ಟಿಣ್ ಎಂದಿತು.
ಒಂದೇ ಸಲ.
ಬಾಗಿಲಾಚೆ ಸಾಲಿನ ಗಲಾಟೆ
ದಾರ ಕಡಿದಂತೆ ನಿಂತಿತು.
ಎಂಟು ಆನೆ, ಎರಡು ಮರಿ, ಎಸ್ಟೇಟಿನ ಕೆರೆ ಮಗ್ಗುಲು,
ಕಾರ್ಮಿಕರು ಎಚ್ಚರ.
ಓದಿ ಮುಗಿಸಿ ಅವರು ಜೇಬಿಗಿಟ್ಟುಕೊಂಡರು.
‘ದೂರ ಇದೆ’ ಅಂದರು.
ಯಾರಿಗೆ ಅಂದರೋ.

ತರಬೇತಿಯಲ್ಲಿ ಇದಕ್ಕೊಂದು ಹೆಸರು ಬರೆಸಿದ್ದರು: ಆಘಾತೋತ್ತರ.
ಉತ್ತರ ಅಂದರೆ ಆಮೇಲೆ.
ಇಲ್ಲಿನ್ನೂ ಆಮೇಲೆ ಆಗಿಲ್ಲ.
ಉತ್ತರ ಅಂದರೆ ಜವಾಬು;
ನನ್ನ ಬಳಿ ಇರುವುದು ಪ್ರಶ್ನೆ ಮಾತ್ರ.
ಇನ್ನು ಉಳಿದದ್ದು ದಿಕ್ಕು:
ಆನೆ ಹೋದದ್ದು ಆ ಕಡೆ,
ಬರುವುದೂ ಆ ಕಡೆಯಿಂದಲೇ.

ಕೊನೆಯವನು ಲೋಹಿತ. ಒಂಬತ್ತನೇ ಕ್ಲಾಸು.
ಸ್ಟೂಲನ್ನು ಕಿಟಕಿಗೆ ಎಳೆದುಕೊಂಡು ಕೂತ.
ನಿದ್ದೆ ಬರುತ್ತದಾ? ಬರುತ್ತೆ.
ಕೆಟ್ಟ ಕನಸು? ಇಲ್ಲ.
ಸದ್ದಿಗೆ ಬೆಚ್ಚುತ್ತೀಯಾ? ಇಲ್ಲ.
ಇಪ್ಪತ್ತಕ್ಕೂ ಸೊನ್ನೆ, ಮೊಟ್ಟೆ ಜೋಡಿಸಿಟ್ಟ ಹಾಗೆ.
ಉತ್ತರದ ನಡುನಡುವೆ ತುಟಿ ಅಲ್ಲಾಡುತ್ತಿತ್ತು.
ಹೊರಗೆ ನಲ್ಲಿಯ ಹತ್ತಿರ ಚಿಕ್ಕ ಮಕ್ಕಳು ತಟ್ಟೆ ತೊಳೆಯುತ್ತಿದ್ದರು.
‘ಹನ್ನೊಂದು’ ಅಂದ ಒಮ್ಮೆ. ನನಗಲ್ಲ.
ಒಂದು ಹುಡುಗಿ ಪೇರಲೆ ಮರದ ಮರೆಗೆ ಹೋದಳು;
ಅವಳು ಬರುವ ತನಕ
ಹದಿನಾಲ್ಕನೇ ಪ್ರಶ್ನೆ ಅವನಿಗೆ ಕೇಳಿಸಲೇ ಇಲ್ಲ.

ಮುಗಿದ ಮೇಲೆ ಅವನದೊಂದು ಪ್ರಶ್ನೆ:
‘ನಿಮ್ಮ ಬಸ್ಸು ಎಷ್ಟೊತ್ತಿಗೆ?
ಐದೂವರೇದು ಬೇಡ. ನಾಲ್ಕೂಕಾಲಿಂದಕ್ಕೆ ಹೋಗಿ.’

ಸೊನ್ನೆಗೆ ಸೊನ್ನೆ ಕೂಡಿದರೆ ಕ್ಲಾಸಿಗೆ ವಾಪಸು ಅನ್ನುತ್ತದೆ ಫಾರಂ.
ಯಾವ ಕಾಲಮ್ಮೂ ಇಲ್ಲದ ಅಂಚಿನಲ್ಲಿ ಅಡ್ಡಲಾಗಿ ಬರೆದೆ:
ಮಂಗಳವಾರ. ತಪ್ಪದೆ.
ಅಲ್ಲಿಯವರೆಗೆ ಕಿಟಕಿ ಪಕ್ಕವೇ ಕೂರಲಿ,
ಎಣಿಸುವಾಗ ಮಾತಾಡಿಸಬೇಡಿ.

ನಾಲ್ಕೂಕಾಲರ ಬಸ್ಸಿಗೇ ಹತ್ತಿದೆ.
ಪೊಟ್ಟಣದಲ್ಲಿ ಅವನ ಪಾಲಿನದು ಹಾಗೇ ಉಳಿದಿತ್ತು.
ಕೊಟ್ಟಾಗ ಬೇಡ ಅಂದಿದ್ದ:
‘ಕೈ ಖಾಲಿ ಇರಬೇಕು ಮೇಡಂ.’