ಆಕರ್ಷ ಇನ್ನೂ ನಿಂತೇ ಇದ್ದಾನೆ

ಹೋದ ಗುರುವಾರದಿಂದ ಆಕರ್ಷ
ಎನ್.ಆರ್. ಸರ್ಕಲ್ಲಿನ ಬಸ್ ಸ್ಟಾಪಿನಲ್ಲಿ ನಿಂತೇ ಇದ್ದಾನೆ.
ಕೈ ಅರ್ಧ ಚಾಚಿದ್ದಾನೆ. ಇಂಚರಾಳ ಮುಂಗುರುಳಿಗೆ
ಇನ್ನು ನಾಲ್ಕೇ ಬೆರಳು ದೂರ.
ಅಷ್ಟರಲ್ಲಿ ಕುಕ್ಕರು ಕೂಗಿತು.

ಬೆಳಗಿನ ಜಾವ ಐದಕ್ಕೆ ಡೇರಿಯ ಲ್ಯಾಬು.
ಬಿಳಿ ಕೋಟು ತೊಟ್ಟು, ಲ್ಯಾಕ್ಟೋಮೀಟರು ಇಳಿಬಿಟ್ಟು,
ಕಣ್ಣು ಕಿರಿದು ಮಾಡಿ ನೋಡುತ್ತೇನೆ:
ಒಂದು ಕ್ಯಾನು ಇಪ್ಪತ್ತೆಂಟು, ಇನ್ನೊಂದು ಇಪ್ಪತ್ತೆರಡು.
ನೀರು ಹೊಯ್ದದ್ದನ್ನು ಹಾಲೇ ಹೇಳಿಬಿಡುತ್ತದೆ.
ನನ್ನ ಪುಟಗಳಿಗೆ ಅಂಥ ಗಾಜಿನ ಕಡ್ಡಿ ಇಲ್ಲ.
'ಅವನ ಕಣ್ಣಲ್ಲಿ ಕಡಲು' ಎಂದು ಬರೆದ ರಾತ್ರಿ
ನೀರು ಹೊಯ್ದವಳು ನಾನೇ, ನನಗೆ ಗೊತ್ತು.
ಕಡಲು ನಾನು ಕಂಡದ್ದು ಒಂದೇ ಸಲ, ಮಂಗಳೂರಿನಲ್ಲಿ.
ಆಗಲೂ ಮಗಳಿಗೆ ವಾಂತಿ.

ಟೆಸ್ಟ್ ರಿಪೋರ್ಟಿನ ಹಿಂಬದಿ ಖಾಲಿ ಇರುತ್ತದೆ.
ಇಂಚರಾ ಮೊದಲು ನಕ್ಕದ್ದು ಅಲ್ಲಿ.
ಈ ಕಡೆ ಫ್ಯಾಟು ನಾಲ್ಕು ಬಿಂದು ಒಂದು,
ಆ ಕಡೆ ಅವಳ ಗಲ್ಲದ ಗುಳಿ.
ಸೂಪರ್‌ವೈಸರ್ ಧರಣಪ್ಪನವರು ಒಂದು ದಿನ ತಿರುಗಿಸಿ ನೋಡಿ
"ಇದ್ಯಾವ ಸ್ಯಾಂಪಲ್ಲಮ್ಮ?" ಅಂದರು.
ಮುಂದಿನ ವಾರ, ಯಾರಿಗೂ ಕೇಳಿಸದ ಹಾಗೆ,
"ಅವನು ಕೊನೆಗೂ ಬಂದ್ನಾ?"

ಸಂತೇಪೇಟೆಯ ಖುದ್ದೂಸ್ ಸಾಬರ ಪ್ರೆಸ್ಸಿನಲ್ಲಿ
ಮದುವೆ ಕಾರ್ಡಿನ ಸೀಸನ್ನು ಮುಗಿದ ಮೇಲೆ ನನ್ನ ಸರದಿ.
ಮುನ್ನೂರು ಪ್ರತಿ. ಚೀಟಿ ಎತ್ತಿದ ದುಡ್ಡು.
"ಸಾಕಮ್ಮ ಅನ್ನೋ ಹೆಸ್ರಲ್ಲಿ ಪ್ರೇಮದ ಕತೆ ಯಾರಮ್ಮ ತಗೋತಾರೆ?
ಸುಹಾನಾ ಅಂತ ಹಾಕೋಣ."
ನಾಲ್ಕನೆಯದೂ ಹೆಣ್ಣೇ ಆಯಿತೆಂದು ಇಟ್ಟ ಹೆಸರು ಸಾಬರೇ ಅದು.
ಸಾಕು ಅಂದದ್ದು ಅವರು, ನಾನಲ್ಲ.
ಹಾಕಿ, ಅದನ್ನೇ ಹಾಕಿ. ದಪ್ಪಕ್ಷರದಲ್ಲಿ.

ಮಾರಿದ್ದು ತೊಂಬತ್ತೇಳು. ಮುಯ್ಯಿಗೆ ಕೊಟ್ಟದ್ದು ಹದಿನಾರು
(ಅದರಲ್ಲೊಂದು ಜೋಡಿ ಈಗ ಕೋರ್ಟಿನಲ್ಲಿದೆ, ತಪ್ಪು ನನ್ನದಲ್ಲ).
ಉಳಿದವು ಮಂಚದ ಕೆಳಗೆ, ಆಲೂಗಡ್ಡೆ ಚೀಲದ ಪಕ್ಕ.
"ಬೆಳಕು ಬಿದ್ರೆ ಕೆಡ್ತವೆ, ಅಲ್ಲೇ ಇರ್ಲಿ" ಅಂತಾರೆ ಅತ್ತೆ.
ಆಲೂಗಡ್ಡೆಗೆ ಹೇಳಿದ್ದು ಅಂದುಕೊಂಡಿದ್ದೇನೆ.

ಆಲೂರಿನಿಂದ ಒಬ್ಬರು ಫೋನು ಮಾಡಿದ್ದರು, ಅಂಗನವಾಡಿ ಟೀಚರು.
"ನಿಮ್ ಹೀರೋ ಒಂದ್ ಸಲಾನೂ ತಿಂಡಿ ಏನು ಅಂತ ಕೇಳಲ್ಲ ನೋಡಿ,
ಅದಕ್ಕೇ ಎರಡು ಸಲ ಓದ್ದೆ" ಅಂದರು.
ನಾನಾಗ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ.
ಸೀದುಹೋಯಿತು. ಹೋಗಲಿ.
ಅವತ್ತು ಎಲ್ಲರಿಗೂ ಬ್ರೆಡ್ಡು.

ಇವರು ಮೋಟಾರು ವೈಂಡಿಂಗಿನವರು.
ಸುಟ್ಟ ತಂತಿಯ ವಾಸನೆ ಇವರ ಜೊತೆಗೇ ಊಟಕ್ಕೆ ಕೂರುತ್ತದೆ.
ಒಂದು ಸಾಲನ್ನೂ ಓದಿಲ್ಲ.
ಆ ಹುಡುಗ ತನ್ನ ಹಾಗಿಲ್ಲ ಎಂಬ ಭಯವೋ,
ತನ್ನ ಹಾಗೇ ಇದ್ದರೆ ಎಂಬ ಭಯವೋ.
ಆದರೆ ಬಂಡಲು ಹೊತ್ತು ಅರಕಲಗೂಡಿನ ಬಸ್ಸಿಗೆ ಹಾಕಿ ಬಂದವರು ಇವರೇ.
ಕಂಡಕ್ಟರಿಗೆ ಹೇಳಿದರಂತೆ:
"ಮೆಲ್ಲಗ್ ಇಡಪ್ಪ, ಒಡೆಯೋ ಸಾಮಾನು."

ಈಗ ರಾತ್ರಿ ಹತ್ತೂವರೆ. ಇರುವುದೊಂದೇ ಮೇಜು.
ಆ ತುದಿಯಲ್ಲಿ ತನ್ವಿತಾ, ಎಸ್ಸೆಸ್ಸೆಲ್ಸಿ, ತ್ರಿಕೋನಮಿತಿ.
ಈ ತುದಿಯಲ್ಲಿ ನಾನು, ಮತ್ತು ಆ ನಾಲ್ಕು ಬೆರಳು.
ಹೆತ್ತ ಮಗಳ ಎದುರು ಮುತ್ತು ಬರೆಯುವುದು ಹೇಗೆ?
ಮೊಣಕೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಪಕ್ಕದವಳಿಗೆ
ಉತ್ತರ ತೋರಿಸದವಳ ಹಾಗೆ ಬರೆಯುತ್ತೇನೆ,
ಹೊಡೆದು ಹಾಕುತ್ತೇನೆ.
ಅವಳು ತಲೆ ಎತ್ತಲಿಲ್ಲ.
"ಅಮ್ಮ, ಬಸ್ ಸ್ಟಾಪಲ್ಲಿ ಎಲ್ರೂ ನೋಡ್ತಾರೆ.
ಮಹಾರಾಜಾ ಪಾರ್ಕಿಗ್ ಕರ್ಕೊಂಡ್ ಹೋಗು ಅವ್ರನ್ನ."

ಕಿವಿ ಬಿಸಿಯಾಯಿತು.
ಯಾವಾಗ ಓದಿದೆ ಅಂತ ಕೇಳಲಿಲ್ಲ.
ಪಾರ್ಕಿನ ವಿಷಯ ನಿನಗೆ ಹೇಗೆ ಗೊತ್ತು,
ಅದನ್ನು ಬೆಳಿಗ್ಗೆ ವಿಚಾರಿಸುತ್ತೇನೆ.

ಅಲಾರಂ ನಾಲ್ಕಕ್ಕಿದೆ.
ಸದ್ಯ ಇವರಿಬ್ಬರನ್ನೂ ರಸ್ತೆ ದಾಟಿಸಬೇಕು.
ಬಿ.ಎಂ. ರಸ್ತೆ, ಲಾರಿಗಳು ಜಾಸ್ತಿ,
ಕೈ ಹಿಡಿಯದೆ ಆಗುವುದಿಲ್ಲ.