ಮಣಿಕಟ್ಟು

ಏಳು ವರ್ಷದಿಂದ ಕೂಡಿಟ್ಟ ರಜೆ ಕೇಳಿದಾಗ
ಮೇಟ್ರನ್ ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದರು.
"ಏನು ಗುಣವತಿ, ಮದುವೆಯಾ, ಸಾವಾ?"
"ಬೆಟ್ಟ, ಮೇಡಂ."
ನಾಲ್ಕು ದಿನ ಬರೆದದ್ದು, ಮೂರಕ್ಕೆ ಸಹಿ ಬಿತ್ತು.

ಗಾಂಧಿ ಬಜಾರಿನಲ್ಲಿ, ಗಂಡಸರ ಸಾಲಿನಲ್ಲಿ ಸಿಕ್ಕ ಬೂಟು,
ತುದಿಗೆ ಹತ್ತಿ ತುರುಕಿ ಅಳತೆಗೆ ತಂದದ್ದು.
ಜೊತೆಗೆ ಅಕ್ಕನ ಮಕ್ಕಳಿಬ್ಬರು:
ಮೊಬೈಲಿನಿಂದ ಮುಖ ಎತ್ತದ ಪ್ರಣತಿ,
ಬಸ್ಸು ತೀರ್ಥಹಳ್ಳಿ ದಾಟುವ ಮೊದಲೇ
ಎರಡು ಸಲ ವಾಂತಿ ಮುಗಿಸಿದ ಗಗನ.
ಶೃಂಗೇರಿ, ಕೆರೆಕಟ್ಟೆ, ಆಮೇಲೆ ಚೆಕ್‌ಪೋಸ್ಟು.
ಗಾರ್ಡು ಚೀಲ ತಡಕಿ ಬಾಟಲಿ ಎಣಿಸಿದ, ಐದು.
"ವಾಪಸು ಬರುವಾಗಲೂ ಐದೇ ಇರಬೇಕು."
ಎಣಿಸುವವರನ್ನು ಕಂಡರೆ ನನಗೇನೋ ನೆಮ್ಮದಿ.

ಭಗವತಿ ಕ್ಯಾಂಪಿನ ಕೆಳಗೆ ಭದ್ರೆ ಮೊಣಕಾಲುದ್ದ.
ಮೇ ತಿಂಗಳ ಹೊಳೆ, ನೀರಿಗಿಂತ ಕಲ್ಲೇ ಜಾಸ್ತಿ,
ಆದರೂ ಹಿಮ್ಮಡಿಗೆ ತಾಗಿದ ತಣ್ಪು
ನೆತ್ತಿಯ ತನಕ ಸುದ್ದಿ ಮುಟ್ಟಿಸಿತು.
ಗಗನ ಬಟ್ಟೆ ಸಮೇತ ಬಿದ್ದ. ಪ್ರಣತಿ ಕಿರುಚಿದಳು.
ಆಮೇಲೆ ಅವಳೂ ಬಿದ್ದಳು, ಬೇಕೆಂದೇ.
ಮೊಬೈಲು ಅಕ್ಕಿಚೀಲದಲ್ಲಿ ರಾತ್ರಿಯೆಲ್ಲ ಮಲಗಿತು.

ಬೆಳಗ್ಗೆ ಆರೂವರೆಗೆ ಗೈಡು ಪೂವಣಿ ಬಂದ,
ಕೈಯಲ್ಲೊಂದು ಕೋಲು, ಮಾತು ಅದಕ್ಕಿಂತ ಗಿಡ್ಡ.
"ಇಂಬಳ ಇರುತ್ತಲ್ಲಾ?" ಎಂದೆ, ಉಪ್ಪಿನ ಪೊಟ್ಟಣ ತೋರಿಸಿ.
"ಅವಕ್ಕೂ ಬೇಸಿಗೆ ರಜೆ. ಜೂನಿಗೆ ಡ್ಯೂಟಿ."

ಕುರಿಂಜಾಲಿನ ಹಾದಿ ಮೊದಲು ಕಾಡೊಳಗೆ.
ಜೀರುಂಡೆಗಳು ಒಮ್ಮೆಲೇ ನಿಂತರೆ ಕಿವಿ ಕಿತ್ತ ಹಾಗೆ,
ಮತ್ತೆ ಒಮ್ಮೆಲೇ ಶುರು.
ಸಗಣಿ ಕಂಡಲ್ಲಿ ಪೂವಣಿ ಬಗ್ಗಿ ಅಂಗೈ ಹಿಡಿದ:
"ಕಾಟಿ. ಈಗಷ್ಟೇ. ಬಿಸಿ ಇದೆ."
ಮುಟ್ಟಿ ಜ್ವರ ನೋಡುವ ಕ್ರಮ
ಇಲ್ಲೂ ಅದೇ ಎಂದುಕೊಂಡೆ.

ಆಗ ಕಂಡದ್ದು ಅವನ ಬಲಗೈ.
ಬೆರಳಿಂದ ಮೊಣಕೈವರೆಗೆ ನುಣುಪಾದ ಗುಲಾಬಿ ಚರ್ಮ.
ಮಾರ್ಚಿನಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಿತ್ತಂತೆ,
ಹಸಿಸೊಪ್ಪು ಹಿಡಿದು ಮೂರು ರಾತ್ರಿ ಬಡಿದರಂತೆ.
"ಡ್ರೆಸ್ಸಿಂಗು?"
"ಮಾಡಿದ್ದೆ. ಒಂದು ಸಲ."
ಬೈಯಬೇಕೆನಿಸಿತು. ಉಸಿರಿರಲಿಲ್ಲ.

ಮರ ಮುಗಿದು ಹುಲ್ಲು ಶುರುವಾಯಿತು,
ಒಣಗಿದ ಹುಲ್ಲು, ಸಿಂಹದ ಬೆನ್ನಿನ ಬಣ್ಣ,
ಮಡಿಕೆ ಮಡಿಕೆಯಲ್ಲಿ ಹಸಿರು ಬಚ್ಚಿಟ್ಟುಕೊಂಡ ಗುಡ್ಡ.
ನಡುವೆ ಬೆಂಕಿರೇಖೆ, ಕರ್ರಗೆ,
ಅದರ ಅಂಚಿನಲ್ಲಿ ಆಗಲೇ ಗರಿಕೆಯಷ್ಟು ಚಿಗುರು.
ವಾರ್ಡಿನಲ್ಲಿ ರಾತ್ರಿಗೆ ಹನ್ನೊಂದು ಸಾವಿರ ಹೆಜ್ಜೆ ಹಾಕುವ ಕಾಲು
ಇಲ್ಲಿ ಇನ್ನೂರಕ್ಕೊಮ್ಮೆ ಕೂತಿತು.
ಮಕ್ಕಳು ಮೇಲೆಲ್ಲೋ ಕೂಗುತ್ತಿದ್ದರು:
"ಚಿಕ್ಕಮ್ಮಾ, ಬಾ, ಇಷ್ಟೇ!"
ಇಷ್ಟೇ ಅಂದಲ್ಲೆಲ್ಲ ಇನ್ನೊಂದು ಏರು.

ಕೊನೆಯದು ಬಂಡೆ. ಗಾಳಿ ಸೆರಗಿಲ್ಲದವಳ ಸೆರಗನ್ನೂ
ಹುಡುಕಿ ಎಳೆಯುವಂಥದ್ದು.
ಬೂಟಿನೊಳಗೆ ಹತ್ತಿ ಉಂಡೆಕಟ್ಟಿ ಕಾಲು ಜಾರಿತು.
ಪೂವಣಿ ಮೇಲಿಂದ ಬಗ್ಗಿ ಮಣಿಕಟ್ಟು ಹಿಡಿದ,
ಸುಟ್ಟ ಕೈಯಲ್ಲೇ.
ಮೂರು ಬೆರಳು ಸರಿಯಾಗಿ ನಾಡಿಯ ಮೇಲೆ ಕೂತವು.
ಇಪ್ಪತ್ತಾರು ವರ್ಷ ಊರವರ ಕೈಯೆಲ್ಲ ಹಿಡಿದವಳು,
ನನ್ನದನ್ನು ಹೀಗೆ ಯಾರೂ ಹಿಡಿದಿರಲಿಲ್ಲ.
ಅವನು ಎಣಿಸಲಿಲ್ಲ. ಎಳೆದ, ಅಷ್ಟೆ.

ಮೇಲೆ ಚಿತ್ರಾನ್ನ, ಕೋಡುಬಳೆ, ಪುನರ್ಪುಳಿ ಶರಬತ್ತು.
ಕೆಳಗೆ ಬೆಟ್ಟದಾಚೆ ಬೆಟ್ಟ, ಕೊನೆಯವು ಬರೀ ಹೊಗೆಯ ಹಾಗೆ.
ಪ್ರಣತಿ ಫೋಟೊ ತೆಗೆಯಲು ಜೇಬು ಮುಟ್ಟಿಕೊಂಡಳು,
ಅಕ್ಕಿಚೀಲ ನೆನಪಾಗಿ ಸುಮ್ಮನೆ ನೋಡಿದಳು,
ಬಹಳ ಹೊತ್ತು.

ಇಳಿಯುವಾಗ ಗಗನ ಕಂಡ ಕಂಡ ಬಾಟಲಿ ಆರಿಸಿಕೊಂಡ.
ಚೆಕ್‌ಪೋಸ್ಟಿನವ ಎಣಿಸಿದ, ಹದಿನಾಲ್ಕು.
ತಲೆ ಕೆರೆದುಕೊಂಡು, ಹೋಗಿ ಅಂದ.

ಗುರುವಾರ, ನೈಟ್ ಡ್ಯೂಟಿ.
ಸಾಕ್ಸಿನಲ್ಲಿ ಹುಲ್ಲಿನ ಮುಳ್ಳು ಇನ್ನೂ ಚುಚ್ಚುತ್ತಿದೆ.
ಹದಿನೇಳನೇ ಮಂಚದ ಅಜ್ಜಿ ಕತ್ತು ನೋಡಿ ಕೇಳಿದಳು:
"ಎಲ್ಲಿ ಸುಟ್ಟುಕೊಂಡೆ ಮಗಾ?"
ಅವಳ ಮಣಿಕಟ್ಟು ನನ್ನ ಕೈಯಲ್ಲಿತ್ತು.
ನಲವತ್ತೊಂದಕ್ಕೆ ಲೆಕ್ಕ ತಪ್ಪಿತು.
ಗಡಿಯಾರ ನೋಡಿ, ಮತ್ತೆ ಒಂದರಿಂದ.